ಮೂರು ಕಾಲಿನ ಮೇಜು

ರೊಸಾರಿಯೊದಲ್ಲಿ ಶನಿವಾರವೆಂದರೆ ನಮಗೆ ಎರಡು ಹುಟ್ಟುಹಬ್ಬ,
ಒಮ್ಮೊಮ್ಮೆ ಮೂರು.
ಹಳೆಯ ರೆನೊ ವ್ಯಾನು. ಸ್ಟಿಯರಿಂಗ್ ನನ್ನ ಕೈಲಿ,
ಮೊಲದ ಬುಟ್ಟಿ ಅಪ್ಪನ ತೊಡೆಯ ಮೇಲೆ,
ಹಿಂದೆ ಕಂಬಳಿ ಹೊದ್ದು ಮಲಗಿದೆ ಮೇಜು,
ಜ್ವರ ಬಂದವರ ಹಾಗೆ.

ಮೊಲ ಈಗ ಯಾರಿಗೂ ಬೇಡ.
ಹಾಡುವ ಮೊಲ, ಹಾರುವ ಮೊಲ, ಎಲ್ಲ ಫೋನಿನಲ್ಲೇ ಸಿಗುತ್ತವೆ.
ಬೇಕಾದ್ದು ಫೋಟೊ.
"ನಿಮ್ಮ ಹತ್ತಿರ ಆ ತಲೆಯದ್ದು ಇದೆಯಂತಲ್ಲ?"
ಎಂದೇ ತಾಯಂದಿರು ಮಾತು ಶುರುಮಾಡುವುದು.

ಇದೆ.
ಮೂರು ಕಾಲು, ಎರಡು ಕನ್ನಡಿ, ಹಲಗೆಯ ನಡುವೆ ಒಂದು ತೂತು,
ತೂತಿನ ಸುತ್ತ ಎರಡು ಹೋಳಾಗಿ ಕೂಡುವ ಕೇಕಿನ ತಟ್ಟೆ,
ಮೂರೂ ಕಡೆ ಒಂದೇ ಥಾನಿನ ಕೆಂಪು ಪರದೆ.
ಪಕ್ಕದ ಕೆಂಪನ್ನು ಹಿಂದಿನ ಕೆಂಪೆಂದು ತೋರಿಸುತ್ತದೆ ಕನ್ನಡಿ.
ಮೇಜಿನ ಕೆಳಗೆ ಏನೂ ಇಲ್ಲ ಎಂದು
ಇಡೀ ನೆಂಟರಿಷ್ಟರು ಪ್ರಮಾಣ ಮಾಡುತ್ತಾರೆ.
ಕಣ್ಕಟ್ಟು ಇಷ್ಟೇ.
ನಾನು ಸುಣ್ಣದ ಗುರುತು ಬಿಟ್ಟು ಕದಲದಿದ್ದರೆ ಆಯಿತು.

ಇವತ್ತು ನದಿಯ ಕಡೆಯ ಒಂದು ಅಂಗಳ.
ಕೆಂಡದ ಮೇಲೆ ಸಾಸೇಜು, ಹೊಗೆಯೆಲ್ಲ ಪರದೆಗೆ.
ಎಲುನೆ, ಏಳು ವರ್ಷ, ಮುಂದಿನ ಹಲ್ಲೆರಡಿಲ್ಲ.
ತಟ್ಟೆಯ ಮೇಲೆ ತಲೆ ಬಂದದ್ದೇ ತಡ, ತಲೆಹರಟೆ:
"ನನಗೆ ಹಸಿವು!"
ದೊಡ್ಡಪ್ಪನ ಮಗ ಒಂದು ಚಮಚ ಕೇಕು ತಿನ್ನಿಸಿದ.
ಅವಳು ನುಂಗಿದಳು.
ಹದಿನಾಲ್ಕು ಮಕ್ಕಳು ಒಟ್ಟಿಗೆ ಬಗ್ಗಿದರು
ಕೆಳಗೆ ಬೀಳುತ್ತದೇನೋ ಎಂದು.
ಬೀಳಲಿಲ್ಲ.
ಅಜ್ಜಿ ಎದೆಯ ಮೇಲೆ ಶಿಲುಬೆ ಗೀಚಿಕೊಂಡರು,
ಆಮೇಲೆ ತಾವೂ ಬಗ್ಗಿದರು.

ಆಗ ಬಂತು ಆ ಮನೆಯ ನಾಯಿ,
ಸಾಸೇಜಿನ ವಾಸನೆಗೆ ಪರದೆಯ ಸಂದಿನಿಂದ.
ಬರಿದಾಗಿದ್ದ ಮೇಜಿನ ಕೆಳಗೆ
ನಾಲ್ಕು ಕಾಲು, ಒಂದು ಬಾಲ.
ತನ್ನನ್ನೇ ಕಂಡು ಗುರ್ರೆಂದಿತು,
ಮೂತಿಯಿಂದ ಕನ್ನಡಿಯನ್ನು ತಿವಿಯಿತು,
ಮೇಲೆ ತಲೆ ಕಿಟಾರನೆ ಕಿರುಚಿತು.
ನನ್ನ ಕೈಲಿದ್ದ ಕ್ಯಾಮೆರಾ ತಣ್ಣಗಾಯಿತು.
ಅಪ್ಪ ಟೋಪಿ ತೆಗೆದ, ತಲೆ ಬಾಗಿದ:
"ಮಹನೀಯರೇ, ಕಳೆದುಹೋದ ಮೈ
ಕೊನೆಗೂ ಮನೆಗೆ ಬಂತು!"
ಇಪ್ಪತ್ತು ವರ್ಷದಲ್ಲಿ ಅಂಥ ಚಪ್ಪಾಳೆ ಬಿದ್ದಿರಲಿಲ್ಲ.

ರಾತ್ರಿ ಗ್ಯಾರೇಜಿನಲ್ಲಿ
ಗಾಜಿನ ಮೇಲಿನ ಮೂಗಿನ ಗುರುತು ಒರೆಸಿದೆ.
ತಿರುಪು ಸಡಿಲವಾಗಿತ್ತೆಂದು
ಮೇಜನ್ನು ಬೋರಲು ಹಾಕಿ ಟಾರ್ಚು ಬಿಟ್ಟೆ.

ಹಲಗೆಯ ಅಡಿಯಲ್ಲಿ ಹೆಸರುಗಳು.
ಒಂದರ ಮೇಲೊಂದು, ತಲೆಕೆಳಗಾಗಿ, ಅಡ್ಡಡ್ಡ:
ಲೌತಾರೊ. ಅಬ್ರಿಲ್. ಸೀರೊ, ಎರಡು ಸಲ.
ಒಂದು ಮೀನು. ಯಾರೋ ಕೂಡಿಸಲು ಹೊರಟ ಲೆಕ್ಕ.
ಕಣ್ಣು ಮೇಲೆ ತಟ್ಟೆಯಲ್ಲಿ ಕೂತು ನಗುತ್ತಿರುವಾಗ
ಕೆಳಗೆ ಕತ್ತಲಲ್ಲಿ ಕೈ ತಾನೇ ಬರೆದ ಅಕ್ಷರ.
ಮೊಳೆಗೆ ದಾರ, ದಾರದ ತುದಿಗೆ ಮೋಟು ಪೆನ್ಸಿಲು.

ಅಪ್ಪ ಬಾಗಿಲಲ್ಲಿ ಬೂಟಿನ ಲೇಸು ಬಿಚ್ಚುತ್ತಿದ್ದ.
"ಪೆನ್ಸಿಲು ನಾನೇ ಕಟ್ಟಿದ್ದು, ನೆಲಿದಾ.
ಕೈಗೆ ಏನಾದರೂ ಕೆಲಸ ಕೊಡದಿದ್ದರೆ
ಮಕ್ಕಳು ಅಲುಗಾಡುತ್ತವೆ,
ನಿನ್ನ ಫೋಟೊ ಮಸುಕಾಗುತ್ತದೆ."
ಹೇಳಿ, ಎಡಗಾಲಿನ ಬೂಟಿಗೆ ಕೈಹಾಕಿದ.

ನನ್ನ ಆಲ್ಬಮ್ಮಿನಲ್ಲಿ ಇರುವುದೆಲ್ಲ ತಲೆ,
ಸಾವಿರಾರು ತಲೆ, ಕತ್ತಿನವರೆಗೆ.
ಉಳಿದ ಮಕ್ಕಳು ಇಲ್ಲಿದ್ದರು,
ನಾನೇ ವಾರವಾರ ಹೊತ್ತು ತಿರುಗಿದ ಹಲಗೆಯಲ್ಲಿ.

ಅಂಚಿನ ಹತ್ತಿರ ಹೊಸ ಪೆನ್ಸಿಲಿನ ಹೊಳಪು:
'ಎಲು' ಎಂದು ಎರಡಕ್ಷರ.
ಅಲ್ಲಿಗೆ ನಾಯಿ ಬಂದಿರಬೇಕು.
ಅಲ್ಲಿಂದ ಬರಿಯ ಒಂದು ಗೀಟು,
ಹಲಗೆ ಮುಗಿಯುವತನಕ.

ತಿರುಪು ಬಿಗಿ ಮಾಡಿದೆ. ಪೆನ್ಸಿಲು ಹೆರೆದೆ.
ನಾಳೆ ಹನ್ನೊಂದಕ್ಕೆ ಅವಳಿಗಳಂತೆ.
ತೂತು ಒಂದೇ.