ಗ್ರೇಡರ್ ಓಡಿಸುವ ವರ್ನಾ ಹೇಳಿದ್ದು

ಆರು ಮೈಲಿ ಉದ್ದ, ಆರು ಮೈಲಿ ಅಗಲ
ನಮ್ಮ ಟೌನ್‌ಶಿಪ್ಪು. ಅದು ನಕಾಶೆಯ ಮಾತು.
ಸರಪಳಿ ಎಳೆದು ನೋಡಿ: ಬಡಗಣ ಅಂಚು
ಏಳೆಂಟು ಮಾರು ಗಿಡ್ಡ.

ಭೂಮಿ ದುಂಡಗಿದೆಯಲ್ಲ, ಅದರ ಮೇಲೆ
ಚೌಕ ಕೊಯ್ದವರು
ಉಳಿದ ಚೂರುಪಾರನ್ನೆಲ್ಲ ಗುಡಿಸಿ ತಂದು
ಒಂದೇ ಗೆರೆಗೆ ಸುರಿದು ಹೋದರು.
ಹಾಗಾಗಿ ಬ್ರೆಕ್ಕೆಯವರ ಕಣಜದ ಬಳಿ
ಹನ್ನೆರಡು ಮೈಲಿ ನೆಟ್ಟಗೆ ಬಂದ ರಸ್ತೆ
ತಟ್ಟನೆ ಎಡಕ್ಕೆ ಹೊರಳಿ, ನಾಲ್ಕು ಹೆಜ್ಜೆ ನಡೆದು,
ಏನೂ ಆಗಿಲ್ಲವೆಂಬಂತೆ
ಮತ್ತೆ ಬಡಗಣಕ್ಕೆ.

ಕೌಂಟಿಗೆ ಹೆಸರು ಕೊಟ್ಟ ಕರ್ನಲ್
ಇತ್ತ ತಲೆ ಹಾಕಿ ಮಲಗಿದವನೂ ಅಲ್ಲ.
ಕೋರ್ಟಿನ ಗಡಿಯಾರಕ್ಕೆ ಮೂರೇ ಮುಖ;
ಪಡುವಣ ದಿಕ್ಕಿನವರು ಚಂದಾ ಕೊಡಲಿಲ್ಲ.
ಇಡೀ ಸೀಮೆಯಲ್ಲಿ ಓರೆಯಾಗಿ ಹೋಗುವುದು ಒಂದೇ ರಸ್ತೆ,
ಹಳ್ಳದ ಗುಂಟ: ಡಕೋಟಾ ಜನ ನಡೆದೇ ಮಾಡಿದ್ದು.
ಮೂವತ್ತೊಂದು ವರ್ಷದಲ್ಲಿ ಅದೊಂದೇ
ನನ್ನ ಬ್ಲೇಡಿಗೆ ಕೆಲಸ ಕೊಡದ್ದು.

ಹಾಂ, ಆ ತಿರುವು.
ಹಿಮ ಬಿದ್ದ ರಾತ್ರಿ, ಪ್ರತಿವರ್ಷ, ಒಬ್ಬರಾದರೂ
ನೆಟ್ಟಗೆ ಮೆಕ್ಕೆಜೋಳದ ಕೂಳೆಗೆ.
ಹಾಗೆ ಬಂದು ಬಿದ್ದವಳನ್ನೇ ಐವರ್ ಬ್ರೆಕ್ಕೆ ಮದುವೆಯಾದ.
ನನ್ನ ತಮ್ಮ ಆಸ್ವಿನ್ ಏಳಲಿಲ್ಲ.
ಆಮೇಲೆ ಹಳದಿ ಬೋರ್ಡು ನೆಟ್ಟರು;
ಜಿಂಕೆ ಸಿಗದ ಹುಡುಗರು ಅದಕ್ಕೇ ಗುಂಡು ಹೊಡೆಯುತ್ತಾರೆ.
ಒಂಬತ್ತು ತೂತು. ಸಂಜೆ ಬೆಳಕು
ಅವುಗಳಲ್ಲಿ ಹಾದು ಜಲ್ಲಿಯ ಮೇಲೆ ಬೀಳುತ್ತದೆ;
ನಾನು ಬ್ಲೇಡು ಎತ್ತಿ ದಾಟುತ್ತೇನೆ.

ಇರಲಿ. ಹದಿನಾರನೇ ಸೆಕ್ಷನ್ನಿನ ಮೋರಿಗೆ
ಬೀವರು ಮತ್ತೆ ಅಡ್ಡ ಕಟ್ಟಿದೆಯಂತೆ.
ಗುದ್ದಲಿ ಎಲ್ಲಿಟ್ಟೆ?