ಕೆಂಪು ಎರಡು, ಹಳದಿ ಒಂದು

ಈ ಬುಧವಾರ ಬರಲಾರೆ ಅಂದಿದ್ದೆ.
ಅಕಾಯಿತಿ ಸ್ಕೂಟರ್ ಆರಿಸದೆ ಗೇಟಿನಲ್ಲೇ ಕೂಗಿದಳು:
ಬರದಿದ್ದರೆ ಬಿಡೇ, ನಿನ್ನ ಕತ್ತರಿ ಕೊಡು,
ನನ್ನದು ಮೊಂಡು.
ಕತ್ತರಿಯನ್ನು ಯಾರ ಕೈಗೂ ಕೊಡುವವಳಲ್ಲ ನಾನು.
ಅದು ಅವಳಿಗೆ ಗೊತ್ತು.
ಹಿಂದಿನ ಸೀಟಿನಲ್ಲಿ ಕತ್ತರಿ ಹಿಡಿದು ಕೂತೆ.

ಅವಾತಿಯು ಬಂದರಿನಲ್ಲಿ ಮೂವತ್ತು ವರ್ಷ
ಹಡಗಿನ ಹಗ್ಗ ಎಳೆದು ಕಟ್ಟಿದವನು ನನ್ನ ನೊರೋವಾ.
ಹಲ್ಲುಜ್ಜಿದರೆ ನೊರೆಯೆಲ್ಲ ಕೆಂಪು.
ತೊಡೆಯ ಮೇಲೆ, ಯಾರೂ ಹೊಡೆಯದೆ,
ಚೆಲ್ಲಿದ ಶಾಯಿಯಂಥ ಕಲೆ.
ಇಲ್ಲಿಯ ಡಾಕ್ಟರು ರಕ್ತ ತೆಗೆದು ಎಣಿಸಿದರು,
ನಂಬದೆ ಮತ್ತೊಮ್ಮೆ ಎಣಿಸಿದರು,
ಶುಕ್ರವಾರ ಆಕ್ಲೆಂಡಿನ ವಿಮಾನ ಹತ್ತಿಸಿದರು.
ಜೊತೆಗೆ ಒಬ್ಬರಿಗಷ್ಟೇ ಸೀಟು.
ಆಸ್ಪತ್ರೆಯ ಮಾತು ಬಲ್ಲವಳೆಂದು ಮಗಳು ಹೋದಳು.
ನಾನು ರನ್‌ವೇ ಬೇಲಿಗೆ ಬೆರಳು ಸಿಕ್ಕಿಸಿ ನಿಂತೆ,
ಬಾಲದ ದೀಪ ಕಡಲಿಗೆ ಬೀಳುವ ತನಕ.

ಚರ್ಚಿನ ಹಿಂದಿನ ತಗಡಿನ ಹಜಾರ. ಚಾಪೆ. ಒಂಬತ್ತು ಹೆಂಗಸರು.
ನಾವು ತೀವೈವೈ ಅನ್ನುವ ಈ ಕೌದಿಗೆ
ಉಗುರಗಲದ ತುಂಡುಗಳು, ಸಾವಿರ ಸಾವಿರ.
ಒಬ್ಬೊಬ್ಬಳ ಮಡಿಲಿಗೂ ದಾರದಲ್ಲಿ ಪೋಣಿಸಿದ ಒಂದೊಂದು ಸರ.
ಚಿತ್ತಾರ ಕಾಗದದ ಮೇಲಿಲ್ಲ,
ಮಾಮಾ ಉಪೊಕೊಯಿನಾಳ ತಲೆಯಲ್ಲಿದೆ.
ಆಕೆ ಕಣ್ಣು ಮುಚ್ಚಿ ಹೇಳುತ್ತಾಳೆ:
ಕೆಂಪು ಎರಡು, ಹಳದಿ ಒಂದು,
ಬಿಳಿ ನಾಲ್ಕು, ಮತ್ತೆ ಕೆಂಪು.
ಮಧ್ಯಾಹ್ನ ಏನು ತಿಂದೆನೆಂದು ಆಕೆಗೆ ನೆನಪಿಲ್ಲ.
ಸಾಲು ಮಾತ್ರ ತಪ್ಪುವುದಿಲ್ಲ.

ತಪ್ಪಿದ್ದು ನಾನು.
ಬಿಳಿ ನಾಲ್ಕರ ಜಾಗದಲ್ಲಿ ಐದು. ಹೂವಿನ ಎಸಳು
ಕೂಡಿಕೊಳ್ಳದೆ ಬಾಯಿ ಬಿಟ್ಟುಕೊಂಡು ಕೂತಿತು.
ಪಕ್ಕದ ತುವಾಯಿನೆ ಏನೂ ಅನ್ನದೆ ಎಳೆದುಕೊಂಡು
ಹಲ್ಲಿನಲ್ಲಿ ದಾರ ಕಡಿದು ಬಿಚ್ಚತೊಡಗಿದಳು.

ಮಗು ಹುಟ್ಟಿದರೆ ಇದರಲ್ಲೇ ಸುತ್ತುತ್ತೇವೆ.
ಹುಡುಗನ ಮೊದಲ ಕೂದಲು ಕತ್ತರಿಸುವ ದಿನ
ಕುರ್ಚಿಗೆ ಇದನ್ನೇ ಹೊದಿಸುತ್ತೇವೆ.
ಮಣ್ಣಿಗೆ ಇಳಿಸುವಾಗಲೂ ಇದೇ.
ಅದನ್ನು ಯಾರೂ ಬಾಯಿ ಬಿಟ್ಟು ಹೇಳಲಿಲ್ಲ,
ಆದ್ದರಿಂದಲೇ ಕೇಳಿದೆ:
ಇದು ಯಾರಿಗೆ, ಮಾಮಾ?

ಒಂಬತ್ತು ಸೂಜಿ ನಿಂತವು.
ಹೊರಗೆ ಒಂದು ಹುಂಜ, ಹೊತ್ತಲ್ಲದ ಹೊತ್ತಿನಲ್ಲಿ.
ನನ್ನ ಹಂದಿಯ ಮದುವೆಗೆ, ಅಂದಳು ತುವಾಯಿನೆ.
ನಕ್ಕೆವು. ನನ್ನ ನಗು ಎಲ್ಲರಿಗಿಂತ ಜೋರಾಗಿ ಹೊರಟು
ನಡುವೆ ಎಲ್ಲೋ ತಿರುವು ತಪ್ಪಿ ಅಳುವಾಯಿತು.
ಯಾರೂ ತಬ್ಬಿಕೊಳ್ಳಲಿಲ್ಲ. ಎಲ್ಲರ ಕೈಯಲ್ಲೂ ಸೂಜಿ.
ಅಕಾಯಿತಿ ತನ್ನ ಮಂಡಿಯನ್ನು ನನ್ನ ಮಂಡಿಗೆ ಒತ್ತಿಕೊಂಡು
ಹೊಲಿಯುತ್ತಲೇ ಇದ್ದಳು.

ಆರೂವರೆಗೆ ಮಗಳ ಫೋನು. ಹದಿನೆಂಟು, ಅಂದಳು.
ಎಷ್ಟಿರಬೇಕಂತೆ?
ಕಡಿಮೆಯೆಂದರೂ ನೂರೈವತ್ತು.
ಇಲ್ಲಿ ಯಾರಿಗೂ ರಕ್ತದ ವಿದ್ಯೆ ತಿಳಿಯದು. ಎಣಿಕೆ ತಿಳಿಯುತ್ತದೆ.
ಮಾಮಾ ನನ್ನ ತುಂಡುಗಳ ಮೇಲೆ ಬೆರಳಾಡಿಸಿ,
ನಿನ್ನದೂ ಹದಿನೆಂಟಾಗಿದೆ, ಮುಂದೆ ಹೊಲಿ, ಅಂದಳು.
ಬಾಳೆಹಣ್ಣಿನ ಪೊಕೆ ಖಾಲಿಯಾಯಿತು. ಗಂಡಂದಿರು ಬಂದು
ಹೊರಗೆ ಹಾರ್ನ್ ಹೊಡೆದು ಬೇಸತ್ತು ಹೋದರು.
ಕೆಂಪು ಎರಡು. ಹಳದಿ ಒಂದು.
ಒಬ್ಬಳೂ ಏಳಲಿಲ್ಲ.
ಹನ್ನೊಂದಕ್ಕೆ ನೂರೈವತ್ತನೆಯ ತುಂಡು ಕೂತಿತು,
ಹಳದಿ.

ಹೊಲಿದರೆ ರಕ್ತ ಏರುವುದಿಲ್ಲ. ಅಷ್ಟು ತಿಳಿಯದವಳಲ್ಲ.
ಬೆಳಗ್ಗೆ ಮಗಳು ಹೇಳಿದ ಸಂಖ್ಯೆ ಹದಿನಾರು.
ಆದರೂ ರಾತ್ರಿ ನಿದ್ದೆ ಬಂದಿತ್ತು,
ಹಾಸಿಗೆಯಲ್ಲಿ ಅವನ ಬದಿಗೆ ಹೊರಳಿ,
ಸೂಜಿ ತಾಗಿ ತಾಗಿ ಬೆರಳ ತುದಿ ಉರಿಯುತ್ತಿರುವಾಗಲೇ.

ಗುರುವಾರ ನಮ್ಮ ದಿನವಲ್ಲ.
ನಾಲ್ಕಕ್ಕೆ ಗೇಟಿನಲ್ಲಿ ಸ್ಕೂಟರಿನ ಸದ್ದು.
ಅಕಾಯಿತಿಯ ಕತ್ತರಿ
ಇನ್ನೂ ಮೊಂಡಂತೆ.