ಹೀರುವ ಕಡೆ, ದೂಡುವ ಕಡೆ

ಟಿಕೋಟಾ ರೋಡಿನ ಕೋಲ್ಡ್ ಸ್ಟೋರೇಜಿನಾಗ
ರಾತ್ರಿಪಾಳಿಗೆ ನಾನೊಬ್ಬಾಕಿ, ಒಂದು ಮಷೀನು,
ಎಂಟುನೂರು ಟನ್ ಮಣೂಕ.
ಹೊರಗ ಮೇ ತಿಂಗಳು. ರಾತ್ರಿ ಹನ್ನೊಂದಕ್ಕೂ
ಗೋಡಿ ಮುಟ್ಟಿದರ ಹಂಚಿನಂಗ ಸುಡತೈತಿ.
ಒಳಗ ನಾಕು ಡಿಗ್ರಿ.

ಬಂದ ಮೊದಲ ದಿನ ಲಾಡ್ಲೇಸಾಬ ಉಸ್ತಾದರನ್ನ ಕೇಳಿದ್ದೆ:
ಇದು ತಂಪು ಹ್ಯಾಂಗ ಹುಟ್ಟಸತೈತ್ರಿ?
ಎಲಿಅಡಿಕಿ ಉಗುಳಿ ಬಂದು ಅಂದರು:
ತಂಪು ಎಲ್ಲೂ ಹುಟ್ಟೂದಿಲ್ಲವ್ವಾ.
ಬಿಸಿ ಹೊತ್ತು ಹೊರಗ ಒಗೀತೀವಿ.
ಒಗೆದ ಮ್ಯಾಲ ಉಳಿದದ್ದಕ್ಕ ತಂಪಂತ ಹೆಸರು.

ಕೊಳವ್ಯಾಗ ಅಮೋನಿಯಾ ಕುದ್ದು ಆವಿಯಾಗಿ
ದ್ರಾಕ್ಷಿ ಮೈಯಾಗಿನ ಬಿಸಿಲು ಹೊತ್ತು ಬರತೈತಿ,
ಹೀರುವ ಕಡೆ ಮೂವತ್ತು ಪೌಂಡು.
ಪಿಸ್ಟನ್ನು ಅದನ್ನ ಮೂಲಿಗೆ ಒತ್ತತೈತಿ.
ಒತ್ತಿದ್ದು ಕಾಯತೈತಿ. ಸೈಕಲ್ ಪಂಪಿನ ತುದಿ
ಬೆರಳಿಗೆ ಚುರುಕ್ ಅಂದಿದ್ದು ನೆನಪೈತಲ್ಲ?
ದೂಡುವ ಕಡೆ ನೂರಾ ತೊಂಬತ್ತು.
ಈಗ ಅದು ವಿಜಾಪುರದ ಬ್ಯಾಸಗಿಗಿಂತ ಬಿಸಿ.
ಅದಕ್ಕ ಬ್ಯಾಸಗಿನೂ ಅದರಿಂದ ಬಿಸಿ ಇಸಗೋತೈತಿ.

ಉಸ್ತಾದರು ಬಹರೇನಿನಾಗ ಹದಿನಾಲ್ಕು ವರ್ಷ
ಗ್ಯಾಸ್ ಟರ್ಬೈನಿನ ಹೊಟ್ಟ್ಯಾಗ ತೆವಳಿ ಬ್ಲೇಡು ಒರೆಸಿದವರು.
ಹದಿನೇಳು ಸಾಲು.
ಒಂದು ಸಾಲು ಒತ್ತಿದ ಗಾಳೀನ ಮುಂದಿನ ಸಾಲು
ಇನ್ನೊಂಚೂರು ಒತ್ತಿ ಅದರ ಮುಂದಿನದಕ್ಕ ಕೊಡತೈತಿ,
ಬಾವಿಯಿಂದ ಕೈಯಿಂದ ಕೈಗೆ ಕೊಡ ದಾಟಿಸಿದಂಗ.
ನಡುವ ಒಬ್ಬಾಕಿ ಕೈ ಸಡಿಲಾದರ?
ಒತ್ತಿದ ಗಾಳಿ ಎಲ್ಲಾ ತಿರುಗಿ ಬಾಯಿಗೆ ಬರತೈತಿ.
ಅಷ್ಟು ದೊಡ್ಡ ಕಬ್ಬಿಣ ಬಿಕ್ಕಿದ್ದು ಕೇಳೀನಿ ನಾ, ಅಂದರು.
ಸ್ವಲ್ಪ ತಡೆದು ಮತ್ತ:
ಬೆಂಕಿ ದುಡಿದದ್ದರಾಗ ಮೂರಕ್ಕ ಎರಡು ಪಾಲು
ಮುಂದಿನ ಗಾಳಿ ಒತ್ತಾಕ ಹೋಗಿಬಿಡತೈತವ್ವಾ.
ಊರಿಗೆ ದೀಪ ಉಳಿದ ಒಂದರಾಗ.

ನಾ ಸುಮ್ಮನಾದೆ.
ನಮ್ಮವ್ವ ದಿನಾ ಮುನ್ನೂರು ರೊಟ್ಟಿ ಬಡೀತಾಳ
ಶಹಾಪೇಟಿ ಖಾನಾವಳಿಗೆ. ಇನ್ನೂರರ ರೊಕ್ಕ
ನಾಳಿನ ಜ್ವಾಳಕ್ಕ, ಸೌದಿಗೆ, ಗಿರಣಿಗೆ.
ಉಳಿದ ನೂರು:
ಐಟಿಐ ಫೀಜು, ಈ ಬೂಟು, ನಾನು.

ಗೋಲಗುಮ್ಮಟ ಏಳು ಸಲ ಹೇಳತೈತಿ,
ಮಷೀನು ಒಂದೇ ಸಲ, ಅಂತಿದ್ದರು.
ಸ್ಕ್ರೂಡ್ರೈವರಿನ ತುದಿ ವಾಲ್ವಿಗೆ, ಹಿಡಿ ಕಿವಿಗೆ.
ನಿನ್ನೆ ಮೂರೂವರೆಗೆ ಆ ತಾಳದಾಗ
ಅನ್ನದಾಗ ಹಳ್ಳು ಸಿಕ್ಕಂಗ ಏನೋ ಸಿಕ್ಕಿತು.
ನೋಡಿದರ ಹೀರುವ ಕೊಳವಿಯ ಮಂಜು
ಸಿಲಿಂಡರಿನ ಕುತ್ತಿಗಿತನಕ ಬೆಳ್ಳಗ ಏರಿತ್ತು.
ಆವಿ ಅಲ್ಲ, ಹಸಿ ಅಮೋನಿಯಾ ಬರಾಕತ್ತಿತ್ತು.
ಆವಿ ಒತ್ತಿಸಿಕೊಳ್ಳತೈತಿ.
ನೀರಾಗಿದ್ದು ಮಣಿಯೂದಿಲ್ಲ, ಒತ್ತಾಕ ಬಂದದ್ದರ ತಲಿ ಒಡೀತೈತಿ.

ಕೆಂಪು ಬಟನ್ ಗುದ್ದಿದೆ. ವಾಲ್ವಿನ ಗಾಲಿ ತಿರುವಿದೆ,
ಅಂಗೈ ಅದಕ್ಕ ಅಂಟಿಕೊಂಡಂಗಾತು.
ಕಣ್ಣಾಗ ಉಳ್ಳಾಗಡ್ಡಿ ಹೆಚ್ಚಿದಂಗ ಅದರ ವಾಸನಿ.
ಆಮ್ಯಾಲ ಸಪ್ಪಳಿಲ್ಲ.
ವಾಚ್‌ಮನ್ನನ ಗೊರಕಿ ಮೊದಲ ಸಲ ಕೇಳಿಸಿತು.

ಉಸ್ತಾದರು ಫಜರ್ ಮುಗಿಸಿ ಬಂದವರು
ಗ್ಲೋವ್ಸ್ ಎಲ್ಲಿ, ಅಂತ ಬೈದರು. ಅಷ್ಟ.
ಮಾಲಕರು ಫೋನಿನಾಗ: ಮಾಲು ಎಷ್ಟು ಡಿಗ್ರಿ?
ಐದು, ಅಂದೆ.
ನಾಕಿರಬೇಕಿತ್ತು, ಅಂದರು.

ಮನಿಗೆ ಬಂದಾಗ ಅವ್ವ ಹಂಚಿನ ಮುಂದ.
ರೊಟ್ಟಿಯ ಒಂದು ಅಂಚು ಅರಿವಿಯಿಂದ ಒತ್ತಿದಳು,
ಉಗಿ ಇನ್ನೊಂದು ಕಡೆ ಓಡಿ ಉಬ್ಬಿತು.
ಎಷ್ಟು ಪೌಂಡು ಇರಬೇಕಬೇ ಒಳಗ?
ಏನ ಅಂದಿ?
ಏನಿಲ್ಲ, ಅಂದೆ.
ಸುಟ್ಟ ಕೈ ನೋಡಿದಳು. ರೊಟ್ಟಿ ತಾನ ಮುರಿದಳು,
ಹೊಗಿ ಹಾರಾಕ ಬಿಟ್ಟು, ಮುಂದ ಇಟ್ಟಳು.